ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಮೂತ್ರದ ಚೀಲ ಊದಿದೆ ಅಂದರು. ದಾವಣಗೆರೆಯಲ್ಲೇ ಇರೋದಾ, ಬೆಂಗಳೂರಿಗೆ ಹೋಗೋದಾ?

ನಿಟ್ಟುವಳ್ಳಿಯವ | ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ನನ್ನ ಹೆಂಡತಿಗೆ ಈಗ 21 ವಾರ. ಮೊದಲ ಬಸಿರು. ಶನಿವಾರ ಅನಾಮಲಿ ಸ್ಕ್ಯಾನ್, ಅಂದರೆ ಮಗುವಿನ ಅಂಗಾಂಗದಲ್ಲಿ ದೋಷ ಇದೆಯಾ ಅಂತ ನೋಡುವ ಸ್ಕ್ಯಾನಿಂಗ್ ಮಾಡಿಸಿದೆವು. ತಲೆ, ಹೃದಯ, ಬೆನ್ನು ಅಂತ ಒಂದೊಂದೇ ತೋರಿಸುತ್ತಾ ಮಾತಾಡುತ್ತಿದ್ದ ಡಾಕ್ಟರ್ ಒಂದು ಕಡೆ ಬಂದು ಸುಮ್ಮನಾಗಿಬಿಟ್ಟರು. ಅಲ್ಲೇ ನಾಲ್ಕೈದು ಸಲ ಒತ್ತಿ ನೋಡಿದರು. ಹೊರಗೆ ಕೂತಿದ್ದು ಅರ್ಧ ಗಂಟೆ ಬಿಟ್ಟು ಬನ್ನಿ ಅಂದರು. ಎರಡನೇ ಸಲ ನೋಡಿದಾಗಲೂ ಮಗುವಿನ ಮೂತ್ರದ ಚೀಲ ಖಾಲಿಯಾಗಿರಲಿಲ್ಲವಂತೆ.

ರಿಪೋರ್ಟಿನಲ್ಲಿ ಇರುವುದು ಇಷ್ಟು. ಎರಡೂ ಕಿಡ್ನಿಯಲ್ಲಿ ಊತ ಇದೆ, ಎಡಕ್ಕೆ 9 ಮಿ.ಮೀ., ಬಲಕ್ಕೆ 8 ಮಿ.ಮೀ. ಚೀಲದ ಗೋಡೆ ದಪ್ಪ. ಗರ್ಭದ ನೀರು ಸದ್ಯಕ್ಕೆ ಸಾಕಷ್ಟಿದೆ. ಮೂತ್ರ ಹೊರಗೆ ಹೋಗುವ ದಾರಿಯಲ್ಲಿ ತಡೆ ಇರುವ ಅನುಮಾನ.

ನಾನು ಎ.ಪಿ.ಎಂ.ಸಿ.ಯಲ್ಲಿ ಮೆಕ್ಕೆಜೋಳದ ಅಂಗಡಿಯಲ್ಲಿ ಲೆಕ್ಕ ಬರೆಯುವವ. ಅಂಕಿ ನೋಡಿದರೆ ಅರ್ಥ ಆಗುತ್ತೆ, ಇದು ಮಾತ್ರ ತಲೆಗೆ ಹತ್ತುತ್ತಿಲ್ಲ. ಇದಕ್ಕೆ ಹೊಟ್ಟೆಯಲ್ಲೇ ಚಿಕಿತ್ಸೆ ಇದೆಯಾ? ಹೆರಿಗೆ ಇಲ್ಲೇ ಮಾಡಿಸಬಹುದಾ? ಗ್ರಹಣದ ದಿನ ಅಂಗಳಕ್ಕೆ ಬಂದಿದ್ದಳು ಅಂತ ನಮ್ಮವ್ವ ಎರಡು ದಿನದಿಂದ ಅವಳಿಗೆ ಅನ್ನುತ್ತಿದ್ದಾರೆ. ಅವಳು ಊಟ ಬಿಟ್ಟಿದ್ದಾಳೆ.

ವಿದ್ಯಾನಗರ ಅಕ್ಕ

ತಮ್ಮಾ, ಮೊದಲು ಅವಳಿಗೆ ಊಟ ಮಾಡಿಸು. ಅವ್ವನ ಹತ್ತಿರ ನೀನೇ ಮಾತಾಡು, ಅವಳ ಕೈಲಿ ಆಡಿಸಬೇಡ.

ಮಕ್ಕಳ ವಾರ್ಡಿನವಳು

ನಾನು ಮಕ್ಕಳ ವಿಭಾಗದಲ್ಲಿ ಪಿ.ಜಿ. ಮಾಡುತ್ತಿದ್ದೇನೆ. ರಿಪೋರ್ಟ್ ಕಣ್ಣಾರೆ ನೋಡದೆ ನಿಮ್ಮ ಮಗುವಿಗೆ ಇದೇ ಅಂತ ಹೇಳಲಾರೆ. ವಿಷಯ ಏನು ಅಂತ ಹೇಳುತ್ತೇನೆ.

ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ತಾಯಿ ತಿಂದದ್ದು, ಎತ್ತಿದ್ದು, ನಡೆದದ್ದು ಯಾವುದರಿಂದಲೂ ಇದು ಬರುವುದಿಲ್ಲ. ಮೂತ್ರನಾಳ ರೂಪುಗೊಳ್ಳುವಾಗಲೇ, ಬಸಿರಿನ ಮೊದಲ ತಿಂಗಳುಗಳಲ್ಲಿ ಆಗಿಹೋಗುವ ದೋಷ ಇದು. ಈ ಮಾತನ್ನು ನಿಮ್ಮ ತಾಯಿಯವರಿಗೆ ಓದಿ ಹೇಳಿ.

ಇಂಥ ತಡೆಗೆ ಬೇರೆ ಬೇರೆ ಕಾರಣಗಳಿವೆ. ಜಾಸ್ತಿ ಕಾಣುವುದು ಪೋಸ್ಟೀರಿಯರ್ ಯುರೆತ್ರಲ್ ವಾಲ್ವ್, ನಾವು ಪಿ.ಯು.ವಿ. ಅಂತೀವಿ. ಮೂತ್ರದ ಚೀಲದ ಕೆಳಗೆ, ನಾಳದ ಒಳಗೆ ತೆಳ್ಳನೆಯ ಪೊರೆ ಅಡ್ಡ ಇರುತ್ತೆ. ಹುಟ್ಟುವ 5,000ದಿಂದ 8,000 ಗಂಡು ಮಕ್ಕಳಲ್ಲಿ ಒಬ್ಬನಿಗೆ ಇರುತ್ತೆ. 1919ರಲ್ಲಿ ಅಮೆರಿಕದ ಹ್ಯೂ ಹ್ಯಾಂಪ್ಟನ್ ಯಂಗ್ ಇದನ್ನು ಬಗೆ ಬಗೆಯಾಗಿ ವಿಂಗಡಿಸಿ ಬರೆದರು. ಪೊರೆ ತೆಳ್ಳಗೇ ಇರುತ್ತೆ, ಆದರೆ ಅದನ್ನು ದಾಟಿಸಲು ಚೀಲ ತಿಂಗಳುಗಟ್ಟಲೆ ಒತ್ತಿ ಒತ್ತಿ ದಪ್ಪಗಾಗುತ್ತೆ. ಒತ್ತಡ ಹಿಂದಕ್ಕೆ ಕಿಡ್ನಿಯವರೆಗೆ ಏರುತ್ತೆ. ಸ್ಕ್ಯಾನಿಂಗ್‌ನಲ್ಲಿ ಉಬ್ಬಿದ ಚೀಲ, ಅದರ ಕೆಳಗೆ ಉಬ್ಬಿದ ನಾಳ ಸೇರಿ ಬೀಗದ ರಂಧ್ರದ ಹಾಗೆ ಕಾಣುತ್ತೆ.

ನೀರಿನ ಮಾತು ಯಾಕೆ ಬರುತ್ತೆ ಅಂದರೆ, ಸುಮಾರು 16 ವಾರದ ಮೇಲೆ ಗರ್ಭದ ನೀರು ಬಹುಪಾಲು ಮಗು ಹೊಯ್ದ ಮೂತ್ರವೇ. ಆ ನೀರಿನಲ್ಲೇ ಶ್ವಾಸಕೋಶ ಬೆಳೆಯಬೇಕು. ನಿಮ್ಮ ರಿಪೋರ್ಟಿನಲ್ಲಿ ನೀರು ಸಾಕಷ್ಟಿದೆ ಅಂತ ಇರುವುದು ದೊಡ್ಡ ಸಮಾಧಾನ. ಎರಡು ಮೂರು ವಾರಕ್ಕೊಮ್ಮೆ ಅದನ್ನು ನೋಡಿಸುತ್ತಲೇ ಇರಬೇಕು.

ಹರಿಹರದ ಸೇತುವೆ

ಹಾಗಾದ್ರೆ ಗಂಡು ಮಗು ಅಂತ ಗೊತ್ತಾಯ್ತಲ್ಲ. ಅಭಿನಂದನೆ ಗುರುವೇ

ನಿರ್ವಾಹಕ

ಈ ಸಾಲು ಬೇಡ. 1994ರ ಕಾನೂನಿನ ಪ್ರಕಾರ ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಕೇಳುವುದೂ ತಪ್ಪು, ಹೇಳುವುದೂ ತಪ್ಪು. ವೈದ್ಯರು 'ದಾರಿಯಲ್ಲಿ ತಡೆ' ಅಂತ ಅಷ್ಟೇ ಬರೆದಿದ್ದಾರೆ, ನಾವೂ ಅಷ್ಟಕ್ಕೇ ನಿಲ್ಲೋಣ.

ಮಕ್ಕಳ ವಾರ್ಡಿನವಳು

ಅಪರೂಪಕ್ಕೆ ಹೆಣ್ಣು ಮಕ್ಕಳಲ್ಲೂ ಬೇರೆ ಕಾರಣದಿಂದ ಇಂಥ ತಡೆ ಕಾಣುತ್ತೆ. ದಯವಿಟ್ಟು ಊಹೆ ಬೇಡ.

ಹರಿಹರದ ಸೇತುವೆ

ತಪ್ಪಾಯ್ತು ಸರ್. ತಿಳಿಯದೆ ಬರೆದೆ.

ಪಿ.ಜೆ. ಬಡಾವಣೆ

ಈಗ ಹೊಟ್ಟೆಯಲ್ಲಿರುವಾಗಲೇ ಪೈಪ್ ಹಾಕಿ ಸರಿ ಮಾಡ್ತಾರೆ. ವಿಡಿಯೋ ನೋಡಿದ್ದೀನಿ. ಹೈದರಾಬಾದ್, ಚೆನ್ನೈ ಅಂತ ತಡ ಮಾಡದೆ ಹೋಗಿ.

ಮಕ್ಕಳ ವಾರ್ಡಿನವಳು

ಸರ್, ಆ ಪೈಪಿಗೆ ಶಂಟ್ ಅಂತಾರೆ. ಒಂದು ತುದಿ ಮಗುವಿನ ಮೂತ್ರದ ಚೀಲದಲ್ಲಿ, ಇನ್ನೊಂದು ಗರ್ಭದ ನೀರಿನಲ್ಲಿ. ಅದು ಪೊರೆ ತೆಗೆಯುವುದಿಲ್ಲ, ಬಳಸುದಾರಿ ಮಾಡಿಕೊಡುತ್ತೆ ಅಷ್ಟೇ. ಜಾರುತ್ತೆ, ಕಟ್ಟಿಕೊಳ್ಳುತ್ತೆ, ಸೋಂಕು ಆಗಬಹುದು, ನೀರು ಒಡೆದು ಅವಧಿಗೆ ಮುಂಚೆ ಹೆರಿಗೆ ಆಗಬಹುದು. ಬ್ರಿಟನ್ ಕಡೆ ಪ್ಲೂಟೋ ಅನ್ನುವ ಅಧ್ಯಯನ ನಡೆದು 2013ರಲ್ಲಿ ಪ್ರಕಟವಾಯಿತು. ಸೇರಿದ್ದು 31 ತಾಯಂದಿರು ಮಾತ್ರ, ಅರ್ಧಕ್ಕೇ ನಿಲ್ಲಿಸಬೇಕಾಯಿತು. ಶಂಟ್ ಹಾಕಿದ ಗುಂಪಿನಲ್ಲಿ ಬದುಕಿದ ಮಕ್ಕಳು ಜಾಸ್ತಿ ಇರುವ ಹಾಗೆ ಕಂಡಿತು, ಆದರೆ ಕಿಡ್ನಿ ಚೆನ್ನಾಗಿ ಉಳಿದವರು ಎರಡೂ ಗುಂಪಿನಲ್ಲಿ ತೀರಾ ಕಡಿಮೆ. ಅದಕ್ಕೇ ನೀರು ಕಡಿಮೆಯಾಗಿ, ಕಿಡ್ನಿ ಇನ್ನೂ ಕೆಲಸ ಮಾಡುತ್ತಿದೆ ಅನ್ನಿಸಿದಾಗ ಮಾತ್ರ ಆ ಯೋಚನೆ. ನೀರು ಸರಿಯಾಗಿರುವಾಗ ಚುಚ್ಚುವುದು ಬೇಡ.

ಹೊಸದುರ್ಗದ ತಾಯಿ

ಇದನ್ನು ಬರೆಯಲೋ ಬೇಡವೋ ಅಂತ ಬಹಳ ಹೊತ್ತು ಯೋಚಿಸಿದೆ. ನಮಗೆ 19 ವಾರಕ್ಕೇ ನೀರು ಇರಲಿಲ್ಲ. ಸ್ಕ್ಯಾನಿಂಗ್ ಡಾಕ್ಟರ್ ಹೇಳಿದರು, ನಾವು ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ಸರಿ ಹೋಗುತ್ತೆ ಸರಿ ಹೋಗುತ್ತೆ ಅಂದರು. ಮಗು ಹುಟ್ಟಿ ನಾಲ್ಕು ಗಂಟೆ ಇತ್ತು. ಉಸಿರು ಎಳೆಯಲು ಶ್ವಾಸಕೋಶ ಬೆಳೆದೇ ಇರಲಿಲ್ಲ.

ನಿಮಗೆ ನೀರು ಇದೆ. ಅದೇ ದೊಡ್ಡದು. ಮುಂದಿನ ಸ್ಕ್ಯಾನಿಂಗ್ ಒಂದು ದಿನವೂ ತಪ್ಪಿಸಬೇಡಿ. ವೈದ್ಯರು ಕಷ್ಟದ ಮಾತು ಹೇಳಿದರೆ ಇಬ್ಬರೂ ಕೂತು ಕೇಳಿ. ನನ್ನನ್ನು ಹೊರಗೆ ಕೂರಿಸಿ ನಮ್ಮವರು ಒಬ್ಬರೇ ಕೇಳಿದ್ದರು. ನನಗೆ ಗೊತ್ತಾಗಿದ್ದು ಹೆರಿಗೆ ದಿನ.

ವಿದ್ಯಾನಗರ ಅಕ್ಕ

ಅಕ್ಕಾ, ಬರೆದಿದ್ದು ಒಳ್ಳೆಯದಾಯಿತು. ನಿಮ್ಮ ಮಾತು ಮನಸ್ಸಿನಲ್ಲಿ ನಿಂತಿತು.

ನಿಟ್ಟುವಳ್ಳಿಯವ

ಓದಿದೆ ಅಕ್ಕಾ. ಅವಳನ್ನೂ ಕೂರಿಸಿಕೊಂಡು ಓದಿದೆ. ಇನ್ನು ಮೇಲೆ ಇಬ್ಬರೂ ಒಳಗೆ ಹೋಗುತ್ತೇವೆ. 24 ವಾರದ ಒಳಗೆ ನಿರ್ಧಾರ ಮಾಡಿ ಅಂತ ಮಾವ ಅವಸರ ಮಾಡುತ್ತಿದ್ದಾರೆ. ಅದೇನು ಲೆಕ್ಕ?

ಮಕ್ಕಳ ವಾರ್ಡಿನವಳು

ಗರ್ಭಪಾತದ ಕಾನೂನಿನ ಮಾತು ಅದು. 2021ರ ತಿದ್ದುಪಡಿ ಆದ ಮೇಲೆ, ಮಗುವಿಗೆ ಭಾರೀ ದೋಷವಿದ್ದರೆ 24 ವಾರ ದಾಟಿದರೂ ಮೆಡಿಕಲ್ ಬೋರ್ಡ್ ಪರಿಶೀಲಿಸುತ್ತೆ. ಹೆದರಿ ಈ ವಾರವೇ ತೀರ್ಮಾನ ಮಾಡಬೇಕಿಲ್ಲ. ನಿಮ್ಮ ಕೇಸಿನಲ್ಲಿ ನೀರು ಇದೆ, ಕಿಡ್ನಿಯಲ್ಲಿ ಗುಳ್ಳೆಗಳ ಮಾತು ರಿಪೋರ್ಟಿನಲ್ಲಿ ಇಲ್ಲ. ಫೀಟಲ್ ಮೆಡಿಸಿನ್ ವೈದ್ಯರು (ಹೊಟ್ಟೆಯಲ್ಲಿರುವ ಮಗುವನ್ನು ನೋಡುವವರು), ಮಕ್ಕಳ ಸರ್ಜನ್ ಇಬ್ಬರನ್ನೂ ಒಮ್ಮೆ ಕಂಡು ಆಮೇಲೆ ಯೋಚಿಸಿ.

ಜಗಳೂರು ಅಪ್ಪ

ನನ್ನ ಮಗನಿಗೆ ಈಗ 11 ವರ್ಷ. ಅವನಿಗೂ ಇದೇ ಪಿ.ಯು.ವಿ. ನಮಗೆ ಗೊತ್ತಾಗಿದ್ದು ನಾಲ್ಕನೇ ವರ್ಷಕ್ಕೆ. ನಮ್ಮ ಕಥೆ ಕೇಳಿ, ನಿಮಗೆ ಮೊದಲೇ ತಿಳಿದದ್ದು ಎಷ್ಟು ದೊಡ್ಡ ಭಾಗ್ಯ ಅಂತ ಗೊತ್ತಾಗುತ್ತೆ.

ಐದನೇ ತಿಂಗಳ ಸ್ಕ್ಯಾನಿಂಗ್ ನಾವು ಮಾಡಿಸಲಿಲ್ಲ. ಹುಟ್ಟಿದಾಗಿನಿಂದ ಅವನು ಉಚ್ಚೆ ಹೊಯ್ಯುವಾಗ ಮುಖ ಕೆಂಪಗಾಗುತ್ತಿತ್ತು. ಧಾರೆಯಾಗಿ ಬರುತ್ತಿರಲಿಲ್ಲ. ತೊಟ್ಟು, ತೊಟ್ಟು, ನಿಲ್ಲುವುದು, ಮತ್ತೆ ತೊಟ್ಟು. ಚಡ್ಡಿ ಯಾವಾಗಲೂ ಒದ್ದೆ. ಆಗಾಗ ಜ್ವರ. ಉಷ್ಣ ಆಗಿದೆ ಅಂದರು. ಬಾರ್ಲಿ ನೀರು ಕೊಟ್ಟೆವು, ಕಾಮಕಸ್ತೂರಿ ಬೀಜ ನೆನೆಸಿ ಕೊಟ್ಟೆವು, ದಿನಾ ಎಳನೀರು ಕುಡಿಸಿದೆವು. ಒಬ್ಬರು ತುದಿಯ ಚರ್ಮ ಬಿಗಿ ಅಂದರು, ಮುಲಾಮು ಬರೆದರು. ಹೊಕ್ಕುಳ ಕೆಳಗೆ ಗಟ್ಟಿಯಾಗಿ ಕಾಯಿ ಹಾಗೆ ಕೈಗೆ ಸಿಗುತ್ತಿತ್ತು, ಅದು ತುಂಬಿದ ಮೂತ್ರದ ಚೀಲ ಅಂತ ನಮಗೇನು ಗೊತ್ತು? ಕೊನೆಗೆ ಜ್ವರ ನೆತ್ತಿಗೇರಿ ದಾವಣಗೆರೆಗೆ ತಂದಾಗ ಕ್ರಿಯಾಟಿನಿನ್ 2.4. ಕಿಡ್ನಿ ಎಷ್ಟು ಸೋತಿದೆ ಅಂತ ತೋರಿಸುವ ರಕ್ತದ ಅಂಕಿ ಅದು, ಏರಿದಷ್ಟೂ ಕೆಟ್ಟದ್ದು.

ಆಪರೇಷನ್ ಆಯಿತು. ಕೊಯ್ಯಲಿಲ್ಲ, ಮೂತ್ರದ ದಾರಿಯಲ್ಲೇ ಸಣ್ಣ ದುರ್ಬೀನು ಬಿಟ್ಟು ಪೊರೆ ಸುಟ್ಟರು. ಎರಡು ದಿನ ಬಿಟ್ಟು ಪೈಪ್ ತೆಗೆದಾಗ ಮೊದಲ ಸಲ ಧಾರೆ ಬಂತು. ಬಚ್ಚಲ ಗೋಡೆಗೆ ಹೊಡೆದ ಸದ್ದು ಕೇಳಿ ನನ್ನ ಹೆಂಡತಿ ಅತ್ತಳು. ಎಲ್ಲ ಮುಗಿಯಿತು ಅಂದುಕೊಂಡೆವು. ಅಲ್ಲೇ ನಾವು ಎಡವಿದ್ದು. ಐದು ವರ್ಷ ಆಸ್ಪತ್ರೆ ಕಡೆ ತಲೆ ಹಾಕಲಿಲ್ಲ. ಒಂಬತ್ತಕ್ಕೆ ಮುಖ ಊದಿತು. ಬಿ.ಪಿ. ಏರಿತ್ತು. ಪೊರೆ ಹೋಗಿದ್ದರೂ ಚೀಲ ಮೊದಲಿನ ಹಾಗೇ ಬಿಗಿ. ಪೂರ್ತಿ ಖಾಲಿ ಆಗದೆ ಉಳಿದ ಮೂತ್ರ ಒಳಗೊಳಗೇ ಕಿಡ್ನಿ ಹಾಳು ಮಾಡುತ್ತಿತ್ತು.

ಈಗ ರಾತ್ರಿ ಮಲಗುವಾಗ ಪೈಪ್ ಹಾಕಿ ಮೂತ್ರವನ್ನು ಹೊರಗಿನ ಪ್ಲಾಸ್ಟಿಕ್ ಚೀಲಕ್ಕೆ ಬಿಡುತ್ತೇವೆ. ಮೊದಲ ವಾರ ನನ್ನ ಕೈ ನಡುಗುತ್ತಿತ್ತು. ಈಗ ಅವನೇ ಹಾಕಿಕೊಳ್ಳುತ್ತಾನೆ. ದಯವಿಟ್ಟು, ಧಾರೆ ಬಂತು ಅಂತ ಆಸ್ಪತ್ರೆ ಬಿಡಬೇಡಿ.

ಚಳ್ಳಕೆರೆ ಕಡ್ಲೆಕಾಯಿ

ಎಳನೀರು ಕೊಟ್ಟರೆ ತಪ್ಪೇನು ಅಣ್ಣಾ? ಮೂತ್ರಕ್ಕೆ ಒಳ್ಳೆಯದು ಅಂತ ಎಲ್ಲರೂ ಕೊಡ್ತಾರೆ.

ಮಕ್ಕಳ ವಾರ್ಡಿನವಳು

ಕಿಡ್ನಿ ಸರಿ ಇದ್ದವರಿಗೆ ತೊಂದರೆ ಇಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಸೋತ ಮಗುವಿನ ರಕ್ತದಲ್ಲಿ ಅದು ಏರಿದರೆ ಹೃದಯಕ್ಕೇ ಪೆಟ್ಟು. ದಾರಿ ಕಟ್ಟಿರುವಾಗ ಮೇಲಿಂದ ಎಷ್ಟು ನೀರು ಸುರಿದರೂ ದಾರಿ ಬಿಡುವುದಿಲ್ಲ. ಜಗಳೂರಿನವರು ಬರೆದದ್ದನ್ನು ಎಲ್ಲ ಅಪ್ಪ ಅಮ್ಮಂದಿರೂ ಓದಬೇಕು. ಗಂಡು ಮಗು ಹೊಯ್ಯುವಾಗ ಒಂದು ಸಲ ನಿಂತು ನೋಡಿ. ಧಾರೆ ಬರುತ್ತಾ, ತೊಟ್ಟಿಕ್ಕುತ್ತಾ, ಮುಕ್ಕುತ್ತಾನಾ? ಅನುಮಾನ ಬಂದರೆ ಮುಲಾಮಿಗಿಂತ ಮೊದಲು ಸ್ಕ್ಯಾನಿಂಗ್ ಕೇಳಿ.

ಚಳ್ಳಕೆರೆ ಕಡ್ಲೆಕಾಯಿ

ಸರಿ ಮೇಡಂ. ನಮ್ಮ ಕಡೆ ಬೋರ್ ನೀರಿನ ಫ್ಲೋರೈಡ್‌ನಿಂದ ಆಗುತ್ತೆ ಅಂತಾರಲ್ಲ?

ಮಕ್ಕಳ ವಾರ್ಡಿನವಳು

ಫ್ಲೋರೈಡ್ ಹಲ್ಲು, ಮೂಳೆ ಕೆಡಿಸುತ್ತೆ, ಅದು ನಿಜ. ಈ ಪೊರೆಗೆ ಅದು ಕಾರಣವಲ್ಲ.

ಆಜಾದ್ ನಗರ ಅಮ್ಮಿ

ನನ್ನ ಮಗ ಏಳನೇ ತಿಂಗಳಿಗೇ ಹುಟ್ಟಿದ, ತೂಕ 1.7 ಕೆ.ಜಿ. ದುರ್ಬೀನು ಹೋಗುವಷ್ಟು ದಾರಿ ದೊಡ್ಡದಿರಲಿಲ್ಲ. ಅದಕ್ಕೆ ಹೊಕ್ಕುಳ ಕೆಳಗೆ ಸಣ್ಣ ತೂತು ಮಾಡಿ ಮೂತ್ರದ ಚೀಲವನ್ನು ಚರ್ಮಕ್ಕೆ ಹೊಲಿದರು. ವೆಸಿಕಾಸ್ಟಮಿ ಅಂತಾರೆ. ಮೂತ್ರ ನೇರ ಡೈಪರಿಗೆ ಬರುತ್ತೆ. ನೋಡಿದವರು ಅಯ್ಯೋ ಅನ್ನುತ್ತಿದ್ದರು. ಮಗು ಮಾತ್ರ ಹಾಲು ಕುಡಿದು ಗುಂಡಗಾಯಿತು. ಡೈಪರ್ ಸ್ವಲ್ಪ ಮೇಲಕ್ಕೆ ಕಟ್ಟಬೇಕು, ಸುತ್ತ ವ್ಯಾಸಲೀನ್ ಹಚ್ಚಬೇಕು, ಅಷ್ಟೇ. ಆಮೇಲೆ ಪೊರೆ ತೆಗೆದು, ಒಂದೂವರೆ ವರ್ಷಕ್ಕೆ ತೂತು ಮುಚ್ಚಿದರು.

ಇನ್ನೊಂದು. ಅದೇ ಸಮಯಕ್ಕೆ ಸುನ್ನತಿಯನ್ನೂ ಮಾಡಿಬಿಡೋಣ, ಸೋಂಕು ಕಡಿಮೆಯಾಗುತ್ತೆ ಅಂತ ಸರ್ಜನ್ ತಾವಾಗಿಯೇ ಹೇಳಿದರು. ನಮಗೆ ಹೇಗೂ ಮಾಡಿಸುವುದೇ ಇತ್ತು.

ಪಿ.ಜೆ. ಬಡಾವಣೆ

ಅದು ನಿಮ್ಮ ಪದ್ಧತಿ ಅಮ್ಮಾ. ನಮ್ಮಲ್ಲಿ ಹಿರಿಯರು ಒಪ್ಪಲ್ಲ. ಚಿಕಿತ್ಸೆ ಹೆಸರಲ್ಲಿ ಅದೆಲ್ಲ ಯಾಕೆ?

ಜಗಳೂರು ಅಪ್ಪ

ಸರ್, ನಾವು ಲಿಂಗಾಯತರು. ನನ್ನ ಮಗನಿಗೂ ಮಾಡಿಸಿದೆವು. ವರ್ಷಕ್ಕೆ ನಾಲ್ಕು ಸಲ ಬರುತ್ತಿದ್ದ ಜ್ವರ ನಿಂತಿತು. ಪ್ರತಿ ಜ್ವರಕ್ಕೂ ಕಿಡ್ನಿಯ ಒಂದು ಚೂರು ಹೋಗುತ್ತಿತ್ತು. ನನಗೆ ಅದರ ಮುಂದೆ ಪದ್ಧತಿ ದೊಡ್ಡದು ಅನ್ನಿಸಲಿಲ್ಲ.

ಮಕ್ಕಳ ವಾರ್ಡಿನವಳು

ಇದರ ಮೇಲೆ ಫ್ರಾನ್ಸಿನಲ್ಲಿ ಅಧ್ಯಯನ ಆಗಿದೆ. ಪಿ.ಯು.ವಿ. ಇರುವ ಮಕ್ಕಳಲ್ಲಿ ಬರೀ ಆಂಟಿಬಯೋಟಿಕ್ ಕೊಡುವುದಕ್ಕಿಂತ, ಜೊತೆಗೆ ತುದಿ ಚರ್ಮವನ್ನೂ ತೆಗೆದರೆ ಜ್ವರದ ಸೋಂಕು ಬಹಳ ಕಡಿಮೆ. ಕಡ್ಡಾಯ ಅಲ್ಲ. ಪದ್ಧತಿ ಬೇರೆ, ಇದು ಬೇರೆ.

ಬಾಪೂಜಿ ರಸ್ತೆ

ಹೆರಿಗೆಗೆ ಬೆಂಗಳೂರು ಯಾಕೆ? ದಾವಣಗೆರೆಯಲ್ಲಿ ಎರಡು ಮೆಡಿಕಲ್ ಕಾಲೇಜು ಇವೆ, ಬಾಪೂಜಿ ಮಕ್ಕಳ ಆಸ್ಪತ್ರೆ ಇದೆ, ಚಿಗಟೇರಿ ಆಸ್ಪತ್ರೆ ಇದೆ. ನಮ್ಮ ಊರನ್ನು ನಾವೇ ಕೀಳು ಮಾಡಿಕೊಳ್ಳೋದು ಬೇಡ.

ವಿದ್ಯಾನಗರ ಅಕ್ಕ

ಊರಿನ ಅಭಿಮಾನದ ಮಾತಲ್ಲಪ್ಪ ಇದು. ಹುಟ್ಟಿದ ಹಸುಗೂಸನ್ನು 260 ಕಿ.ಮೀ. ಆಂಬುಲೆನ್ಸಿನಲ್ಲಿ ಒಯ್ಯುವುದಕ್ಕಿಂತ, ಹೊಟ್ಟೆಯಲ್ಲಿ ಇಟ್ಟುಕೊಂಡು ಹೋಗುವುದು ಸುಲಭ ಅಲ್ವಾ?

ಮಕ್ಕಳ ವಾರ್ಡಿನವಳು

ಇಬ್ಬರ ಮಾತಿನಲ್ಲೂ ಹುರುಳಿದೆ. ಯಾವ ಊರು ಅನ್ನುವುದಕ್ಕಿಂತ, ಆ ಆಸ್ಪತ್ರೆಯಲ್ಲಿ ಅವತ್ತು ಯಾರು ಇರುತ್ತಾರೆ ಅನ್ನುವುದು ಮುಖ್ಯ. ಹೋಗಿ ನೇರವಾಗಿ ಕೇಳಿ: ಎನ್.ಐ.ಸಿ.ಯು. (ಹಸುಗೂಸುಗಳ ತುರ್ತು ನಿಗಾ ಘಟಕ) ಇದೆಯಾ, ಮಕ್ಕಳ ಸರ್ಜನ್ ಸಿಗುತ್ತಾರಾ, ನವಜಾತ ಶಿಶುವಿಗೆ ಆಗುವ ಸಣ್ಣ ದುರ್ಬೀನು ಇದೆಯಾ, ಮಕ್ಕಳ ಕಿಡ್ನಿ ವೈದ್ಯರು ಇದ್ದಾರಾ. ನಾಲ್ಕಕ್ಕೂ ಹೌದು ಅಂದರೆ ಊರು ಯಾವುದಾದರೂ ಸರಿ.

ಹುಟ್ಟಿದ ದಿನ ಮೊದಲು ಮಾಡುವುದು ದೊಡ್ಡ ಆಪರೇಷನ್ ಅಲ್ಲ. 5 ಅಥವಾ 6 ನಂಬರಿನ ಫೀಡಿಂಗ್ ಟ್ಯೂಬನ್ನೇ ಮೂತ್ರದ ದಾರಿಯಲ್ಲಿ ಹಾಕಿ ಚೀಲ ಖಾಲಿ ಮಾಡುತ್ತಾರೆ. ಅದನ್ನು ಇಲ್ಲೂ ಮಾಡಬಹುದು. ಒಂದು ವೇಳೆ ಇಲ್ಲೇ ಹೆರಿಗೆ ಆಗಿಬಿಟ್ಟರೆ ಗಾಬರಿ ಬೇಡ, ಟ್ಯೂಬ್ ಹಾಕಿಸಿ, ಆಂಟಿಬಯೋಟಿಕ್ ಶುರು ಮಾಡಿಸಿ, ಆಮೇಲೆ ಹೊರಡಬಹುದು.

ಹರಿಹರದ ಸೇತುವೆ

ಖರ್ಚು? ನಮ್ಮ ಅಕ್ಕನ ಮಗನಿಗೆ ಬೇರೆ ಆಪರೇಷನ್ ಆಯುಷ್ಮಾನ್ ಕಾರ್ಡಲ್ಲಿ ಆಯ್ತು. ಬಿ.ಪಿ.ಎಲ್. ಇದ್ದರೆ ವರ್ಷಕ್ಕೆ ಮನೆಗೆ 5 ಲಕ್ಷದವರೆಗೆ. ಸೇರುವ ಮೊದಲೇ ಆಸ್ಪತ್ರೆಯಲ್ಲಿ ಈ ಕಾರ್ಡಿನ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರನ್ನು ಕಾಣಿ, ರೆಫರಲ್ ಚೀಟಿ ತಗೊಂಡು ಹೋಗಿ. ಡಿಸ್ಚಾರ್ಜ್ ದಿನ ಓಡಾಡಿದ್ರೆ ಆಗಲ್ಲ.

ನಿಟ್ಟುವಳ್ಳಿಯವ

ಇದು ಬಹಳ ಉಪಯೋಗ ಆಯ್ತು ಅಣ್ಣ. ಕಾರ್ಡಿನಲ್ಲಿ ಅವಳ ಹೆಸರು ಸೇರಿಸಿಲ್ಲ, ನಾಳೆಯೇ ಹೋಗುತ್ತೇನೆ.

ನಿಟ್ಟುವಳ್ಳಿಯವ | ಹತ್ತು ವಾರದ ನಂತರ

ಎಲ್ಲರೂ ವಿಚಾರಿಸುತ್ತಿದ್ದೀರಿ. ಈಗ 31 ವಾರ. ಕಿಡ್ನಿಯ ಊತ 14 ಮತ್ತು 12 ಮಿ.ಮೀ. ನೀರು ಸ್ವಲ್ಪ ಇಳಿದಿದೆ, ಆದರೂ ಮಿತಿಯೊಳಗೆ. ಬೇಗ ಹೆರಿಗೆ ಮಾಡಿಸಿ ಅಂತ ಬಂಧುಗಳು. ನೀರು ಇರುವವರೆಗೆ ಮಗು ಒಳಗೇ ಬೆಳೆಯಲಿ, ಅವಧಿಗೆ ಮುಂಚೆ ತೆಗೆದರೆ ಶ್ವಾಸಕೋಶದ ತೊಂದರೆಯೂ ಸೇರಿಕೊಳ್ಳುತ್ತೆ ಅಂತ ವೈದ್ಯರು. ಅವರ ಮಾತೇ ಸರಿ ಅನ್ನಿಸಿತು. 36 ವಾರಕ್ಕೆ ಬೆಂಗಳೂರಿನಲ್ಲಿ ಅವಳ ಚಿಕ್ಕಮ್ಮನ ಮನೆಗೆ ಹೋಗಿ ಇರುತ್ತೇವೆ.

ಸೀಮಂತ ಮಾಡಿದೆವು. ಅವ್ವನೇ ಮುಂದೆ ನಿಂತು ಮಾಡಿದರು. ಗ್ರಹಣದ ಮಾತು ಮತ್ತೆ ಎತ್ತಿಲ್ಲ.

ವಿದ್ಯಾನಗರ ಅಕ್ಕ

ಈ ಕೊನೆಯ ಸಾಲು ಓದಿ ಹೊಟ್ಟೆ ತಣ್ಣಗಾಯಿತು.

ನಿಟ್ಟುವಳ್ಳಿಯವ | ಇನ್ನೂ ಎಂಟು ವಾರದ ನಂತರ

ಮಗ ಹುಟ್ಟಿದ. 37 ವಾರ, 2.6 ಕೆ.ಜಿ. ಹುಟ್ಟಿದ ಕೂಡಲೇ ಜೋರಾಗಿ ಅತ್ತ. ಆ ಅಳು ಕೇಳಿ ಹೊಸದುರ್ಗದ ಅಕ್ಕನ ನೆನಪಾಯಿತು.

ಮೊದಲ ದಿನವೇ ಟ್ಯೂಬ್ ಹಾಕಿದರು. ಮೊದಲ ದಿನದ ಕ್ರಿಯಾಟಿನಿನ್ ತಾಯಿಯದೇ ಇರುತ್ತೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂದರು. ಮೂರನೇ ದಿನ 1.8. ಟ್ಯೂಬ್ ಹಾಕಿದ ಮೇಲೆ ಮೂತ್ರ ವಿಪರೀತ ಬರತೊಡಗಿತು. ಸಿಸ್ಟರ್ ಗಂಟೆಗೊಮ್ಮೆ ಸಿರಿಂಜಿನಲ್ಲಿ ಅಳೆದು, ಹೊರಗೆ ಹೋದದ್ದು ಒಂದು ಕಡೆ, ಡ್ರಿಪ್ಪಿನಲ್ಲಿ ಕೊಟ್ಟದ್ದು ಇನ್ನೊಂದು ಕಡೆ ಬರೆಯುತ್ತಿದ್ದರು. ಜಮಾ ಖರ್ಚು ಬರೆದ ಹಾಗೆ. ಲೆಕ್ಕ ತಪ್ಪಿದರೆ ಮಗು ಒಣಗಿಹೋಗುತ್ತೆ ಅಂದರು. ಏಳನೇ ದಿನ 1.1. ಬಣ್ಣದ ಔಷಧಿ ಬಿಟ್ಟು ಎಂ.ಸಿ.ಯು. ಎಕ್ಸ್‌ರೇ ತೆಗೆದರು. ಪಿ.ಯು.ವಿ.ಯೇ. ಎಡ ಕಿಡ್ನಿಗೆ ಮೂತ್ರ ವಾಪಸ್ ಹೋಗುತ್ತಿದೆ. ಒಂಬತ್ತನೇ ದಿನ ದುರ್ಬೀನಿನಲ್ಲಿ ಪೊರೆ ತೆಗೆದರು. ನಿನ್ನೆ ಮನೆಗೆ ಬಂದೆವು, ಕ್ರಿಯಾಟಿನಿನ್ 0.6.

ಮಕ್ಕಳ ವಾರ್ಡಿನವಳು

ತುಂಬಾ ಸಂತೋಷ. ಮೊದಲ ವರ್ಷದಲ್ಲಿ ಕ್ರಿಯಾಟಿನಿನ್ ಎಷ್ಟು ಕೆಳಗೆ ಇಳಿಯುತ್ತೆ ಅನ್ನುವುದನ್ನು ನೋಡುತ್ತಾರೆ. 0.8ಕ್ಕಿಂತ ಕೆಳಗೆ ನಿಂತರೆ ಒಳ್ಳೆಯ ಲಕ್ಷಣ. ಹಾಗಂತ ನಿಶ್ಚಿಂತೆ ಅಲ್ಲ. ಒಳ್ಳೆಯ ಚಿಕಿತ್ಸೆ ಸಿಕ್ಕವರಲ್ಲೂ ಐವರಲ್ಲಿ ಒಬ್ಬರಿಂದ ಮೂವರಲ್ಲಿ ಒಬ್ಬರವರೆಗೆ ಮುಂದೆ ಕಿಡ್ನಿ ಸೋಲುತ್ತೆ ಅಂತ ಬೇರೆ ಬೇರೆ ಲೆಕ್ಕಗಳಿವೆ. ಬಿ.ಪಿ., ಮೂತ್ರದಲ್ಲಿ ಪ್ರೋಟೀನ್, ಸ್ಕ್ಯಾನಿಂಗ್, ಎಲ್ಲ ದೊಡ್ಡವನಾಗುವವರೆಗೆ. ಮಲಬದ್ಧತೆ ಆಗದ ಹಾಗೆ ನೋಡಿಕೊಳ್ಳಿ, ಗಟ್ಟಿ ಮಲ ಮೂತ್ರದ ಚೀಲವನ್ನೂ ಒತ್ತುತ್ತೆ. ಜ್ವರ ಬಂದರೆ ಮೊದಲು ಮೂತ್ರ ಪರೀಕ್ಷೆ, ಆಮೇಲೆ ಸಿರಪ್ಪು.

ಆಜಾದ್ ನಗರ ಅಮ್ಮಿ

ರಾತ್ರಿ ಹೊತ್ತಿನ ಆಂಟಿಬಯೋಟಿಕ್ ಹನಿ ಮರೆಯಬೇಡಿ ಭಾಯಿ. ನಾನು ಮೊಬೈಲಲ್ಲಿ ಅಲಾರಂ ಇಟ್ಟಿದ್ದೆ.

ಜಗಳೂರು ಅಪ್ಪ

ಕಣ್ಣು ತುಂಬಿ ಬಂತು ತಮ್ಮಾ. ಶಾಲೆಗೆ ಸೇರಿಸುವಾಗ ನೆನಪಿಡು, ಡಾಕ್ಟರ್ ಹತ್ತಿರ ಮುಖ್ಯೋಪಾಧ್ಯಾಯರಿಗೆ ಒಂದು ಚೀಟಿ ಬರೆಸು. ನನ್ನ ಮಗನನ್ನು ಟೀಚರ್ ಪೀರಿಯಡ್ ಮುಗಿಯುವವರೆಗೆ ಹೊರಗೆ ಬಿಡುತ್ತಿರಲಿಲ್ಲ. ಎರಡು ಮೂರು ಗಂಟೆಗೊಮ್ಮೆ ಹೋಗಲೇಬೇಕು. ಒಮ್ಮೆ ಹೋಗಿ, ಎರಡು ನಿಮಿಷ ನಿಂತು, ಮತ್ತೆ ಹೋಗಬೇಕು. ಆಗ ಉಳಿದದ್ದು ಬರುತ್ತೆ. ಅರ್ಧ ಲೀಟರ್ ನೀರಿನ ಬಾಟಲಿಯ ಬಾಯಿ ಕತ್ತರಿಸಿ, ಪೆನ್ನಿನಲ್ಲಿ 50, 100, 150 ಅಂತ ಗೆರೆ ಹಾಕಿ ಬಚ್ಚಲಲ್ಲಿ ಇಟ್ಟಿದ್ದೇನೆ. ವಯಸ್ಸಿಗೆ ಒಂದು ಸೇರಿಸಿ 30ರಿಂದ ಗುಣಿಸಿದರೆ ಚೀಲ ಹಿಡಿಯಬೇಕಾದ ಮಿ.ಲೀ. ಅಂತ ಡಾಕ್ಟರ್ ಹೇಳಿಕೊಟ್ಟಿದ್ದಾರೆ. ಆರು ವರ್ಷಕ್ಕೆ 210.

ನಿಟ್ಟುವಳ್ಳಿಯವ

ಬರೆದುಕೊಂಡೆ ಅಣ್ಣ. ಅಂಗಡಿಯ ಹೊಸ ಖಾತೆ ಪುಸ್ತಕ ಒಂದನ್ನು ಇವನಿಗೇ ಇಟ್ಟಿದ್ದೇನೆ. ತಾರೀಖು, ತೂಕ, ಕ್ರಿಯಾಟಿನಿನ್, ಬಿ.ಪಿ. ನಾಲ್ಕು ಕಲಂ. ಈಗಷ್ಟೇ ಎದ್ದು ಹೊಯ್ದ, ಧಾರೆ ನನ್ನ ಮೊಣಕೈವರೆಗೆ ಬಂತು. ಪೊರೆ ಚೂರೇನಾದರೂ ಉಳಿದಿದೆಯಾ ಅಂತ ಮೂರು ತಿಂಗಳಿಗೆ ಮತ್ತೊಮ್ಮೆ ದುರ್ಬೀನು ಹಾಕಿ ನೋಡುತ್ತಾರೆ.

ಜಗಳೂರು ಅಪ್ಪ

ಆ ತಾರೀಖು ತಿಳಿಸು. ನಮ್ಮ ಹುಡುಗನ ತಪಾಸಣೆಯನ್ನೂ ಅದೇ ವಾರಕ್ಕೆ ಹಾಕಿಸಿಕೊಳ್ಳುತ್ತೇನೆ. ಜೊತೆಗೇ ಹೋಗೋಣ.

ನಿಟ್ಟುವಳ್ಳಿಯವ

ಆಯ್ತು ಅಣ್ಣ. ಹಿಂದಿನ ದಿನದ ಜನಶತಾಬ್ದಿಗೆ ನಾಲ್ಕು ಸೀಟು ನಾನೇ ಮಾಡಿಸುತ್ತೇನೆ. ನೀವು ಜಗಳೂರಿನಿಂದ ಬೆಳಗಿನ ಬಸ್ಸಿಗೇ ಬನ್ನಿ, ಊಟ ನಮ್ಮ ಮನೆಯಲ್ಲಿ.